ಸಹಾಯ ಬೇಕು: ಗುಗ್ಗುಳದ ಕಡ್ಡಿ ಬೇರು ಬಿಡ್ತಿಲ್ಲ

ನಮಸ್ಕಾರ. ನಾನಿರುವುದು ಗುಜರಾತಿನ ಕಛ್‌ನ ಭುಜ್‌ನಲ್ಲಿ. ಗೆಳೆಯರೆಲ್ಲ ಸೇರಿ ಗುಗ್ಗುಳದ ಸಸಿ ಮಾಡುತ್ತಿದ್ದೇವೆ. ಧೂಪಕ್ಕೆ, ಆಯುರ್ವೇದದ ಮಾತ್ರೆಗೆ ಇದರ ಅಂಟು ಹಾಕುತ್ತಾರಲ್ಲ, ಅದೇ ಗಿಡ. ಕಛ್, ರಾಜಸ್ಥಾನದ ಕಲ್ಲುಗುಡ್ಡಗಳ ಈ ಮುಳ್ಳುಗಿಡ ಈಗ ಐಯುಸಿಎನ್ (ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಸ್ಥೆ) ಕೆಂಪು ಪಟ್ಟಿಯಲ್ಲಿ ತೀರಾ ಅಪಾಯದ ಸಾಲಿನಲ್ಲಿದೆ. ಅಂಟು ಜಾಸ್ತಿ ಇಳಿಯಲಿ ಅಂತ ಕಾಂಡಕ್ಕೆ ಆಳವಾಗಿ ಕಚ್ಚು ಹಾಕಿ ಎಥೆಫಾನ್ ಅನ್ನುವ ರಾಸಾಯನಿಕ ತುಂಬುತ್ತಾರೆ. ಅಂಟೇನೋ ಸುರಿಯುತ್ತದೆ, ಗಿಡ ಒಣಗಿ ಹೋಗುತ್ತದೆ.

ನಮ್ಮ ಸಮಸ್ಯೆ ಇದು. ಮಳೆಗೆ ಮುಂಚೆ ಹೆಬ್ಬೆರಳು ದಪ್ಪದ ಕಡ್ಡಿ ನೆಟ್ಟೆವು. ಚಿಗುರು ಚೆನ್ನಾಗಿ ಬಂತು. ಆಮೇಲೆ ಬುಡ ಕಪ್ಪಾಗಿ ಮೆತ್ತಗಾಯಿತು. ಕಿತ್ತು ನೋಡಿದರೆ ಒಂದೂ ಬೇರಿಲ್ಲ! ಕಡ್ಡಿಯೊಳಗಿನ ರಸದಿಂದಲೇ ಸುಮ್ನೆ ಚಿಗುರಿದ್ದಿರಬೇಕು, ಅಲ್ವಾ?

ಮರಳು ಎಷ್ಟು ಪಾಲು ಹಾಕಬೇಕು? ನೀರು ಎಷ್ಟು ದಿನಕ್ಕೊಮ್ಮೆ? ಬೇರು ಬರಿಸುವ ಹಾರ್ಮೋನು ಐಬಿಎ ಪುಡಿ ಹಚ್ಚಿದರೆ ಪ್ರಯೋಜನವಿದೆಯಾ? ಕಡ್ಡಿಯ ಗಾಯ ಒಣಗಿಸಿ ನೆಡಬೇಕಾ? ಬೀಜದಿಂದ ಬೆಳೆಸಿದವರಿದ್ದರೂ ಹೇಳಿ. ಕಪ್ಪು ಬೀಜ ಮಾತ್ರ ಮೊಳೆಯುತ್ತದೆ, ಹಳದಿ ಮಿಶ್ರಿತ ಬಿಳಿಯದು ಜೊಳ್ಳು ಅನ್ನುವುದು ಗೊತ್ತು. ಆದರೆ ಕಪ್ಪು ಬೀಜದಲ್ಲೂ ಮೊಳೆತದ್ದು ಕಡಿಮೆ.

ಬಳ್ಳಾರಿ, ರಾಯಚೂರು ಕಡೆಯ ಒಣನೆಲದಲ್ಲಿ ಯಾರಾದರೂ ಬೆಳೆಸಿದ್ದರೆ ಫೋಟೋ ಹಾಕಿ. ಒಂದೇ ವಿನಂತಿ, ಗುಡ್ಡದ ಗಿಡ ಕಡಿದು ತನ್ನಿ ಅನ್ನಬೇಡಿ. ಉಳಿದಿರುವುದೇ ಅಷ್ಟು.