ಚೌಕಿಯ 360 ಡಿಗ್ರಿ ಚಿತ್ರ: ಚಿಟ್ಟಿ ಕಾಣುತ್ತಿಲ್ಲ, ಆಯ್ಕೆಯ ಜಾಗದಲ್ಲಿ ತಾಳ ಮುರಿಯುತ್ತದೆ

ಕೇದಗೆ:
ತೆಂಕುತಿಟ್ಟು ಯಕ್ಷಗಾನದ ಚೌಕಿಯ, ಅಂದರೆ ಕಲಾವಿದರು ವೇಷ ಕಟ್ಟುವ ಜಾಗದ ಬಗ್ಗೆ ಹತ್ತು ನಿಮಿಷದ 360 ಡಿಗ್ರಿ ಚಿತ್ರ. ನೋಡುವವರಿಗೆ ಮೂರು ಕಡೆ ಆಯ್ಕೆ, ಪ್ರತಿ ಸಲ ಎರಡು ದಾರಿ: ಬಣ್ಣದ ವೇಷದ (ರಾಕ್ಷಸ ಪಾತ್ರದ) ಬಳಿ ಕೂರುವುದೋ ಸ್ತ್ರೀವೇಷದ ಬಳಿಯೋ, ಚೌಕಿಯಲ್ಲೇ ಉಳಿಯುವುದೋ ರಂಗಸ್ಥಳಕ್ಕೆ ಹೋಗುವುದೋ, ಹೀಗೆ. ಎರಡು ಲೆನ್ಸಿನ 5.7ಕೆ ಕ್ಯಾಮೆರಾ. ಫೋನಿನ ಬ್ರೌಸರ್‌ನಲ್ಲೂ ಕಣ್ಣಿಗೆ ಕಟ್ಟಿಕೊಳ್ಳುವ ವಿಆರ್ ಹೆಡ್‌ಸೆಟ್‌ನಲ್ಲೂ ಓಡಬೇಕು. ತೊಡಕು ಎರಡು. ಪರೀಕ್ಷೆಯ ಶಾಟ್‌ನಲ್ಲಿ ಮುಖದ ಚಿಟ್ಟಿ (ಅಕ್ಕಿಹಿಟ್ಟಿನಿಂದ ಸಾಲಾಗಿ ಇಡುವ ಬಿಳಿ ಚುಕ್ಕೆ) ಬರೀ ಬಿಳಿ ಪಟ್ಟಿಯಾಗಿ ಕಾಣುತ್ತದೆ. ಆಯ್ಕೆ ಒತ್ತಿದ ಮೇಲೆ ಚಿತ್ರ ಒಂದೆರಡು ಸೆಕೆಂಡ್ ನಿಂತು, ಚಂಡೆಯ ತಾಳ ಮುರಿಯುತ್ತದೆ.

ಲೆನ್ಸುಗಣ್ಣು:
ಚಿಟ್ಟಿ ಕಾಣದಿರುವುದು ಫೋಕಸ್‌ನ ತಪ್ಪಲ್ಲ, ದೂರದ್ದು. 5760 ಪಿಕ್ಸೆಲ್ ಇಡೀ ಸುತ್ತಿಗೆ ಹಂಚಿಹೋಗುತ್ತದೆ, ಡಿಗ್ರಿಗೆ 16. 5 ಮಿ.ಮೀ. ಅಗಲದ ಚಿಟ್ಟಿಗೆ ಎರಡೂವರೆ ಮೀಟರ್ ದೂರದಲ್ಲಿ ಎರಡು ಪಿಕ್ಸೆಲ್ ಕೂಡ ಸಿಗದು. ಒಂದು ಮೀಟರ್‌ನಲ್ಲಿ ನಾಲ್ಕೂವರೆ. ಫೋನಿಗೆಂದು 4ಕೆಗೆ ಇಳಿಸಿದರೆ ಅದೂ ಮೂರಾಗುತ್ತದೆ. ಹಾಗಾಗಿ ಕಲಾವಿದರಿಂದ ಒಂದು ಮೀಟರ್‌ಗಿಂತ ಆಚೆ ಕ್ಯಾಮೆರಾ ಇಡಬೇಡಿ. ಆದರೆ ಅವರು ಒಂದು ಲೆನ್ಸಿನ ನೇರಕ್ಕೇ ಇರಬೇಕು. ಎರಡು ಲೆನ್ಸಿನ ಚಿತ್ರ ಕೂಡುವುದು ಪಕ್ಕಗಳಲ್ಲಿ. ಅಷ್ಟು ಹತ್ತಿರದ ಕೈ ಆ ಗೆರೆ ದಾಟಿದರೆ ಬೆರಳು ತುಂಡಾಗಿ ಕಾಣುತ್ತದೆ. ಚಿಟ್ಟಿ ಇಡುವ ಬೆರಳೇ ಚಿತ್ರದ ಜೀವ, ಅದು ಹಾಳಾಗಬಾರದು.

ಎತ್ತರ: ವೇಷಧಾರಿಗಳು ನೆಲದ ಮೇಲೆ ಕೂತಿರುವುದರಿಂದ ಲೆನ್ಸ್ ನೆಲದಿಂದ 75–80 ಸೆಂ.ಮೀ. ಸಾಕು. ಒಂದೂವರೆ ಮೀಟರ್‌ಗೆ ಏರಿಸಿದರೆ ನೋಡುವವರು ಪಕ್ಕದಲ್ಲಿ ಕೂತಂತಾಗದೆ, ಮೇಲೆ ನಿಂತು ಇಣುಕಿದಂತಾಗುತ್ತದೆ. ಕನ್ನಡಿಗಳಲ್ಲಿ ಕ್ಯಾಮೆರಾ ಬೀಳುತ್ತದೆಯೇ ಎಂದು ಒಂದೊಂದಾಗಿ ನೋಡಿ, ಸ್ವಲ್ಪ ವಾಲಿಸಿ. ಟ್ಯೂಬ್‌ಲೈಟ್ ಇದ್ದರೆ ಶಟರ್ 1/50 ಅಥವಾ 1/100, ಇಲ್ಲದಿದ್ದರೆ ಚಿತ್ರದ ಮೇಲೆ ಕಪ್ಪು ಪಟ್ಟಿ ಓಡುತ್ತದೆ.

ಕವಲುದಾರಿ:
ಮೊದಲು ಲೆಕ್ಕ. ಪ್ರತಿ ಸಲವೂ ಎರಡು ದಾರಿ, ಮೂರು ಆಯ್ಕೆ ಅಂದರೆ 1+2+4+8, ಒಟ್ಟು 15 ತುಣುಕು. ನೋಡುವವರು ಅದರಲ್ಲಿ ನಾಲ್ಕನ್ನಷ್ಟೇ ನೋಡುತ್ತಾರೆ. ಪ್ರತಿ ಕವಲನ್ನೂ ಮತ್ತೆ ಒಂದೇ ದೃಶ್ಯಕ್ಕೆ ಕೂಡಿಸಿ, ಕೊನೆಯದನ್ನು ಮಾತ್ರ ಬಿಟ್ಟರೆ 1+2+1+2+1+2, ಒಂಬತ್ತಕ್ಕೆ ಮುಗಿಯುತ್ತದೆ. 1967ರ ಮಾಂಟ್ರಿಯಲ್ ಎಕ್ಸ್‌ಪೋದಲ್ಲಿ ಜೆಕ್‌ ತಂಡ ತೋರಿಸಿದ ಕಿನೋಆಟೊಮ್ಯಾಟ್ ಇದೇ ಉಪಾಯದ ಮೇಲೆ ನಿಂತಿತ್ತು: ಪ್ರೇಕ್ಷಕರು ಕೆಂಪು, ಹಸಿರು ಗುಂಡಿ ಒತ್ತಿ ಮತ ಹಾಕುತ್ತಿದ್ದರು, ಎರಡು ಪ್ರೊಜೆಕ್ಟರ್‌ಗಳಲ್ಲಿ ಗೆದ್ದ ದಾರಿಯದು ತೆರೆಗೆ ಬರುತ್ತಿತ್ತು, ಕಥೆ ಮುಂದೆ ಮತ್ತೆ ಒಂದೇ ಜಾಗಕ್ಕೆ ಸೇರುತ್ತಿತ್ತು. ನಿಮ್ಮಲ್ಲಿ ಕೂಡುವ ಜಾಗ ಸಿದ್ಧವಾಗಿಯೇ ಇದೆ, ಚೌಕಿಪೂಜೆ.

ಚಿತ್ರ ನಿಲ್ಲಲು ಕಾರಣ, ಒತ್ತಿದ ಮೇಲೆ ಮುಂದಿನ ಫೈಲ್ ಇಳಿಯಲು ಶುರುವಾಗುವುದು. ಆಯ್ಕೆ ತೆರೆಗೆ ಬರುವ 20 ಸೆಕೆಂಡ್ ಮೊದಲೇ ಎರಡೂ ದಾರಿಯ ಆರಂಭದ ಭಾಗವನ್ನು ತಂದಿಟ್ಟುಕೊಳ್ಳಿ. ಆದರೆ ಎರಡು 4ಕೆ ವಿಡಿಯೊಗಳನ್ನು ಒಟ್ಟಿಗೆ ಓಡಿಸಬೇಡಿ, ಅಗ್ಗದ ಫೋನುಗಳು ತಡೆಯುವುದಿಲ್ಲ. ಐಫೋನಿನಲ್ಲಿ ಮೊದಲ ಸಲ ಬೆರಳಿಟ್ಟ ಮೇಲಷ್ಟೇ ಸದ್ದು ಬರುತ್ತದೆ, ಅದಕ್ಕೇ ವೆಬ್ ಪುಟದಲ್ಲಿ ಒಂದೇ ವಿಡಿಯೊ ಟ್ಯಾಗ್ ಇಟ್ಟುಕೊಂಡು ಅದರೊಳಗಿನ ಫೈಲ್ ಬದಲಿಸಿ. ಅರ್ಧ ಸೆಕೆಂಡ್ ಕಪ್ಪಾದರೆ ಯಾರೂ ಗಮನಿಸರು. ಯೂಟ್ಯೂಬ್ ಅನೋಟೇಶನ್ (ವಿಡಿಯೊ ಮೇಲೆ ಒತ್ತುವ ಕೊಂಡಿ) ಬಳಸಿ ಎನ್ನುವ ಹಳೆಯ ಪಾಠಗಳನ್ನು ಬಿಡಿ, 2019ರ ಜನವರಿಯಲ್ಲೇ ಅದನ್ನು ಪೂರ್ತಿ ತೆಗೆದಿದ್ದಾರೆ.

ಬಿಡ್ತಿಗೆ:
ಚಿತ್ರ ಕಪ್ಪಾಗಲಿ, ಸದ್ದು ಮಾತ್ರ ನಿಲ್ಲಬಾರದು. ವಿಡಿಯೊ ಫೈಲಿನೊಳಗೆ ಎಎಸಿ ರೂಪದಲ್ಲಿ ಕುಗ್ಗಿಸಿಟ್ಟ ಧ್ವನಿಯ ತಲೆಗೆ ಒಂದಿಷ್ಟು ಖಾಲಿ ಸ್ಯಾಂಪಲ್ ಸೇರಿಕೊಂಡಿರುತ್ತದೆ, ತುಣುಕು ಜೋಡಿಸಿದಲ್ಲೆಲ್ಲ ಟಕ್ಕೆನ್ನುವುದು ಅದೇ. ಚಂಡೆ, ಮದ್ದಳೆ, ಭಾಗವತಿಕೆಯನ್ನು ಬೇರೆ ಫೈಲ್ ಮಾಡಿ, ವಿಡಿಯೊಗೆ ಅಂಟಿಸದೆ ನಿರಂತರ ಓಡಿಸಿ. ಕೂಡುವ ಎರಡು ದಾರಿಗಳ ಉದ್ದ ಸೆಕೆಂಡಿನಲ್ಲಲ್ಲ, ಆವರ್ತದಲ್ಲಿ (ತಾಳದ ಸುತ್ತುಗಳಲ್ಲಿ) ಸಮನಾಗಿರಲಿ. ಕತ್ತರಿ ಬಿಡ್ತಿಗೆಯ, ಅಂದರೆ ತಾಳ ಮುಗಿಸುವ ನುಡಿತದ ಕೊನೆಯ ಪೆಟ್ಟಿನ ಮೇಲೆ ಬೀಳಲಿ. ರೆಕಾರ್ಡ್ ಮಾಡುವಾಗ ಚಂಡೆಯ ಅತಿ ಜೋರಿನ ಪೆಟ್ಟು ರೆಕಾರ್ಡರ್ ಮೀಟರ್‌ನಲ್ಲಿ −12 ಡೆಸಿಬೆಲ್ ದಾಟದಂತೆ ಗೇನ್ ಇಳಿಸಿ.

ಕೇದಗೆ:
ಹೆಡ್‌ಸೆಟ್‌ನಲ್ಲಿ ದಿಟ್ಟಿಸಿ ನೋಡಿದರೆ ಆಯ್ಕೆ ಆಗುವಂತೆ ಮಾಡಿದ್ದು. ಮುಖ ನೋಡುತ್ತಿದ್ದಂತೆಯೇ ದೃಶ್ಯ ಬದಲಾಗಿಬಿಡುತ್ತದೆ.

ಕವಲುದಾರಿ:
ಆಯ್ಕೆಯ ಗುರುತನ್ನು ಮುಖದ ಮೇಲೆ ಇಟ್ಟಿದ್ದೀರಿ, ಅದಕ್ಕೇ. ಅದನ್ನು 30 ಡಿಗ್ರಿ ಕೆಳಗೆ, ಬಣ್ಣದ ಪೆಟ್ಟಿಗೆಯ ಮೇಲೆ ಇಡಿ. ಎರಡು ಸೆಕೆಂಡ್ ತುಂಬುವ ಉಂಗುರ ಇರಲಿ, ಕಣ್ಣು ಸರಿದರೆ ಅದು ಮತ್ತೆ ಸೊನ್ನೆಗೆ ಬರಬೇಕು. ಹತ್ತು ಸೆಕೆಂಡ್ ಆದರೂ ಯಾರೂ ಆರಿಸದಿದ್ದರೆ ಚೌಕಿಯಲ್ಲೇ ಉಳಿಸಿ.