ಅಪ್‌ಡೇಟ್: ಕೊನೆಗೂ ಕೆಲಸ ಬಿಟ್ಟೆ

ಗದಗದ ಮುದ್ರಣಾಲಯದ 7 ವರ್ಷದ ಕೆಲಸ ಬಿಟ್ಟು ಹುಬ್ಬಳ್ಳಿಗೆ ಹೋಗಲು ಖುಷಿಯೂ ಅಳುಕೂ ಒಟ್ಟಿಗೇ ಆಗುತ್ತಿದೆ, ಏನು ಮಾಡಲಿ ಎಂದು ಇಲ್ಲಿ ಕೇಳಿದ್ದೆನಲ್ಲ, ಹೋದ ತಿಂಗಳು ಬಿಟ್ಟೆ. ರಾಜೀನಾಮೆ ಕೊಟ್ಟಾಗ ಮುಖ ತಿರುಗಿಸಿದ್ದ ಮಾಲೀಕರು ಕೊನೆಯ ದಿನ ತಾವೇ ಗಿರ್ಮಿಟ್, ಮಿರ್ಚಿ ತರಿಸಿದರು. ಕಟಿಂಗ್ ಯಂತ್ರದ ಕಾಕಾ, ಲಗ್ನಪತ್ರಿಕೆಗಳಿಗೆ ತಂದು ಉಳಿದ ಕಾಗದ ಹೊಲಿದು ಒಂದು ಪುಟ್ಟ ನೋಟ್‌ಬುಕ್ ಕೈಗಿಟ್ಟರು. ಆಗ ಕಣ್ಣೀರು ತಡೆಯಲಾಗಲಿಲ್ಲ. (ಮಿರ್ಚಿ ಖಾರ ಎಂದು ಹೇಳಿ ಪಾರಾದೆ.)

ನಿಮ್ಮಲ್ಲೊಬ್ಬರು ನೆನಪಿಸಿದ್ದು ಒಳ್ಳೆಯದಾಯಿತು: 5 ವರ್ಷ ದಾಟಿದ್ದರಿಂದ ಗ್ರಾಚ್ಯುಟಿ (ಕೆಲಸ ಬಿಡುವಾಗ ಸೇವೆಗಾಗಿ ಮಾಲೀಕರು ಕೊಡಬೇಕಾದ ಹಣ) ಉಂಟು, ವರ್ಷಕ್ಕೆ 15 ದಿನದ ವೇತನದ ಲೆಕ್ಕ. ಅರ್ಜಿ ಕೊಟ್ಟಿದ್ದೇನೆ. ಪಿಎಫ್ (ಭವಿಷ್ಯ ನಿಧಿ) ಹಣ ಮುಟ್ಟಿಲ್ಲ, ಹೊಸ ಕಡೆಗೆ ವರ್ಗಾಯಿಸಲು ಕೇಳಿದ್ದೇನೆ.

ಹುಬ್ಬಳ್ಳಿಯ ಹೊಸ ಕೆಲಸದಲ್ಲಿ ಬೆರಳಿಗೆ ಮಸಿ ಹತ್ತುವುದಿಲ್ಲ. ಆದರೂ ಊಟಕ್ಕೆ ಮೊದಲು ಕೈ ತಿಕ್ಕಿ ತಿಕ್ಕಿ ತೊಳೆಯುತ್ತೇನೆ.