ಅರ್ಧ ಟ್ರ್ಯಾಕ್ ದಾಟಿದ ಮೇಲೆ ಫ್ಯುಯೆಲ್ ಪ್ರೆಶರ್ ಬೀಳುತ್ತಿದೆ, ಯಾವ ಪಂಪ್ ಹಾಕಲಿ?

ನೋವಾ70:
ಟೆಕ್ಸಸ್‌ನಲ್ಲಿದ್ದೇನೆ, ಡ್ರ್ಯಾಗ್ ರೇಸ್ (ನಿಂತಲ್ಲಿಂದ ಹೊರಟು ನೇರ ಟ್ರ್ಯಾಕಿನಲ್ಲಿ ಓಡುವ ರೇಸ್) ಓಡಿಸುತ್ತೇನೆ. ಕಾರು 1970ರ ಶೆವಿ ನೋವಾ, 454 ಬಿಗ್ ಬ್ಲಾಕ್ ಎಂಜಿನ್, 850ರ ಡಬಲ್ ಪಂಪರ್ ಕಾರ್ಬ್ (ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರ್). ಸುಮಾರು 650 ಎಚ್‌ಪಿ, ಪೆಟ್ರೋಲ್. ಎಂಜಿನ್‌ಗೆ ಕೂರಿಸಿದ ಮೆಕ್ಯಾನಿಕಲ್ ಪಂಪ್, ಹಿಂದಿನ ಟ್ಯಾಂಕಿನಿಂದ 3/8 ಇಂಚಿನ ಲೈನ್. ನಿಂತಾಗ ಕಾರ್ಬ್ ಹತ್ತಿರದ ಗೇಜ್ 7 ಪಿಎಸ್‌ಐ (ಪ್ರೆಶರಿನ ಅಳತೆ) ತೋರಿಸುತ್ತದೆ. ಲಾಂಚ್ (ಶುರುವಿನ ಜಿಗಿತ) ಚೆನ್ನಾಗಿಯೇ ಆಗುತ್ತದೆ. ಅರ್ಧ ಟ್ರ್ಯಾಕ್ ದಾಟುವಾಗ 2ಕ್ಕೆ ಇಳಿದು ಎಂಜಿನ್ ಸೊರಗುತ್ತದೆ. ಗಂಟೆಗೆ 250 ಗ್ಯಾಲನ್ ಪಂಪ್ ತಂದರೆ ಸರಿಹೋಗುತ್ತಾ?

ಕಾರ್ಬ್‌ಪ್ರಿಯ:
ಸಾರ್, ಮೊದಲು ಟ್ಯಾಂಕಿನ ವೆಂಟ್ (ಗಾಳಿ ಒಳಹೋಗುವ ಕಿಂಡಿ) ಕಟ್ಟಿಕೊಂಡಿದೆಯಾ ನೋಡಿ. ಖರ್ಚಿಲ್ಲದ ಪರೀಕ್ಷೆ. ಪ್ರೆಶರ್ ಬೀಳದೆಯೂ ಎಂಜಿನ್ ಸೊರಗಿದ್ದರೆ ನೀಡಲ್-ಸೀಟ್ (ಕಾರ್ಬ್ ಬೌಲ್‌ಗೆ ಪೆಟ್ರೋಲ್ ಬಿಡುವ ವಾಲ್ವ್) ಮೇಲೆ ಅನುಮಾನ ಪಡಬಹುದಿತ್ತು. ನಿಮ್ಮಲ್ಲಿ ಪ್ರೆಶರೇ ಬೀಳುತ್ತಿದೆ, ಅಂದರೆ ತೊಂದರೆ ಕಾರ್ಬ್‌ಗಿಂತ ಹಿಂದೆ.

ಇನ್ನು ಲೆಕ್ಕ. ಪೆಟ್ರೋಲ್ ಎಂಜಿನ್‌ಗೆ ಒಂದು ಎಚ್‌ಪಿಗೆ ಗಂಟೆಗೆ ಅರ್ಧ ಪೌಂಡ್ ಅಂತ ಹಿಡಿಯಿರಿ. 650ಕ್ಕೆ 325 ಪೌಂಡ್, ಹೆಚ್ಚುಕಮ್ಮಿ 52 ಗ್ಯಾಲನ್. ಇಷ್ಟೇನಾ ಅನ್ನಿಸಬಹುದು. ಆದರೆ ಲಾಂಚ್‌ನಲ್ಲಿ ಕಾರು ಮುಂದೆ ಹಾರಿದರೆ ಲೈನಿನೊಳಗಿನ ಪೆಟ್ರೋಲ್ ಹಿಂದಕ್ಕೆ ಜಗ್ಗುತ್ತದೆ. ಹತ್ತು ಅಡಿ ಲೈನ್, 1 ಜಿ (ಗುರುತ್ವದಷ್ಟೇ) ವೇಗವರ್ಧನೆ ಇದ್ದರೆ ಸುಮಾರು 3 ಪಿಎಸ್‌ಐ ಅಲ್ಲೇ ಹೋಯಿತು. ಮುಂದಿರುವ ಪಂಪ್ ಅದರ ವಿರುದ್ಧ ಎಳೆಯಬೇಕು, ಎಳೆಯುವುದರಲ್ಲಿ ಅದು ಮೊದಲೇ ಬಡಪಾಯಿ. ಕಾರ್ಬ್ ಬೌಲ್‌ಗಳಲ್ಲಿ ತುಂಬಿದ್ದ ಪೆಟ್ರೋಲ್ ಸ್ವಲ್ಪ ದೂರ ಕಾಪಾಡುತ್ತದೆ, ಆಮೇಲೆ ಬಣ್ಣ ಬಯಲು.

ಅದಕ್ಕೇ ಪಂಪ್ ಹಿಂದಿರಬೇಕು, ಟ್ಯಾಂಕಿಗಿಂತ ಕೆಳಗೆ. 15 ಪಿಎಸ್‌ಐ ಆಸುಪಾಸು ತಳ್ಳುವ ಎಲೆಕ್ಟ್ರಿಕ್ ಪಂಪ್, 1/2 ಇಂಚಿನ ಲೈನ್, ಕಾರ್ಬ್ ಹತ್ತಿರ ಪ್ರೆಶರ್ ಇಳಿಸುವ ರೆಗ್ಯುಲೇಟರ್. ಮೆಕ್ಯಾನಿಕಲ್ ಪಂಪ್ ತೆಗೆದು ಆ ಜಾಗಕ್ಕೆ ಪ್ಲೇಟ್ ಹಾಕಿ ಮುಚ್ಚಿ.

ನೋವಾ70:
ಗೆಳೆಯನ ಹತ್ತಿರ ಹೋಲಿ ಬ್ಲೂ ಎಲೆಕ್ಟ್ರಿಕ್ ಪಂಪ್ ಸುಮ್ನೆ ಬಿದ್ದಿದೆ. 110 ಗ್ಯಾಲನ್ ಅಂತ ಬರೆದಿದೆ. ಸಾಕಲ್ವಾ?

ಕಾರ್ಬ್‌ಪ್ರಿಯ:
ಆ 110 ತಡೆಯೇ ಇಲ್ಲದಾಗಿನ ಲೆಕ್ಕ. 9 ಪಿಎಸ್‌ಐನಲ್ಲಿ 70. ರಸ್ತೆ ಕಾರಿಗೆ ಧಾರಾಳ, ನಿಮ್ಮ ಲಾಂಚ್‌ಗೆ ಅಂಚಿನಲ್ಲಿ ನಿಲ್ಲುತ್ತದೆ. ಯಾವ ಕಂಪನಿಯದೇ ಆಗಲಿ, ಡಬ್ಬದ ಮೇಲಿನ ದೊಡ್ಡ ನಂಬರ್ ಬಿಟ್ಟು 10 ಪಿಎಸ್‌ಐನಲ್ಲಿ ಎಷ್ಟು ಕೊಡುತ್ತದೆ ಅಂತ ನೋಡಿ. ಅಲ್ಲಿ 100 ಗ್ಯಾಲನ್ ದಾಟಿದರೆ ನಾನಾದರೆ ಕೊಳ್ಳುತ್ತೇನೆ. 250 ನಿಮಗೆ ಜಾಸ್ತಿಯೇ.

ಡಿಕ್ಕಿಬ್ಯಾಟರಿ:
ಎರಡು ಮಾತು ಸೇರಿಸುತ್ತೇನೆ. ದೊಡ್ಡ ಪಂಪ್ ಹಾಕಿದರೆ ಬೈಪಾಸ್ ರೆಗ್ಯುಲೇಟರ್ ಬೇಕು, ಅಂದರೆ ಹೆಚ್ಚಾದ ಪೆಟ್ರೋಲನ್ನು ರಿಟರ್ನ್ ಲೈನಿನಲ್ಲಿ ಟ್ಯಾಂಕಿಗೆ ವಾಪಸ್ ಕಳಿಸುವಂಥದ್ದು. ರಿಟರ್ನ್ ಲೈನ್ ಸಣ್ಣದಾದರೆ ಸ್ಕ್ರೂ ಎಷ್ಟು ತಿರುಗಿಸಿದರೂ ಪ್ರೆಶರ್ 7ಕ್ಕೆ ಇಳಿಯುವುದಿಲ್ಲ. ಆಮೇಲೆ ವೈರಿಂಗ್. ಡ್ಯಾಶ್‌ನಿಂದ ತೆಳು ವೈರ್ ಎಳೆಯಬೇಡಿ. ಬ್ಯಾಟರಿಯಿಂದ ನೇರ 10 ಗೇಜ್‌ನ ದಪ್ಪ ವೈರ್, ನಡುವೆ ಫ್ಯೂಸ್, ರಿಲೇ. ಎಂಜಿನ್ ಓಡುವಾಗ ಪಂಪಿನ ತುದಿಯಲ್ಲೇ ವೋಲ್ಟೇಜ್ ಅಳೆಯಿರಿ. 13 ಇರಬೇಕಾದಲ್ಲಿ 11 ಬಂದರೆ ಎಷ್ಟು ಒಳ್ಳೆ ಪಂಪೂ ಕೈಕೊಡುತ್ತದೆ. ಬ್ಯಾಟರಿ ಡಿಕ್ಕಿಯಲ್ಲಿದ್ದರೆ ಹಿಂದುಗಡೆಯ ಕಟ್-ಆಫ್ ಸ್ವಿಚ್ ಒತ್ತಿ ನೋಡಿ, ಎಂಜಿನ್ ಜೊತೆ ಪಂಪೂ ನಿಲ್ಲಬೇಕು.